ಕಂಪನಿದು, ಡೂಪ್ಲಿಕೇಟು ಮತ್ತು ನಡುವಿನ ನೂರು ವರ್ಷ

ಆಯಿಲ್ ಫಿಲ್ಟರ್ ವಿಷಯಕ್ಕೆ ಬಂದರೆ ನಮ್ಮಲ್ಲಿ ಎರಡೇ ಜಾತಿ. ಒಂದು ‘ಕಂಪನಿದು’, ಇನ್ನೊಂದು ‘ಡೂಪ್ಲಿಕೇಟು’. ನಮ್ಮೂರ ಕಡೆ ಟ್ರ್ಯಾಕ್ಟರ್ ಇಟ್ಟವರೂ ಹೀಗೇ ಕೇಳ್ತಾರೆ, ಬೆಂಗಳೂರಿನ ಜೆ.ಸಿ. ರೋಡಿನ ಅಂಗಡಿ ಮುಂದೆ ನಿಂತ ಕ್ಯಾಬ್ ಡ್ರೈವರೂ ಹೀಗೇ ಕೇಳ್ತಾರೆ: “ಅಣ್ಣಾ, ಕಂಪನಿದೇ ಕೊಡಿ.” ಕೇಳೋರಿಗೂ ಕೊಡೋರಿಗೂ ಅರ್ಥ ಆಗುತ್ತೆ, ವ್ಯಾಪಾರ ಮುಗಿಯುತ್ತೆ.

ಆದರೆ ಯಾವ ಕಂಪನಿ? ಕಾರು ಮಾಡುವ ಕಂಪನಿಗಳಲ್ಲಿ ಹೆಚ್ಚಿನವು ಆಯಿಲ್ ಫಿಲ್ಟರ್ ಮಾಡೋದೇ ಇಲ್ಲ. ಬೇರೆ ಯಾರೋ ಮಾಡಿಕೊಡ್ತಾರೆ, ಇವರು ತಮ್ಮ ಡಬ್ಬಿಗೆ ಹಾಕಿ ‘ಜೆನ್ಯೂಯಿನ್ ಪಾರ್ಟ್’ ಅಂತ ಅಚ್ಚು ಹಾಕ್ತಾರೆ. ಸಾಫ್ಟ್‌ವೇರ್ ಸರ್ವೀಸ್ ಕಂಪನಿಗಳಲ್ಲಿ ದುಡಿಯುವ ನಮಗೆ ಇದು ಹೊಸದೇನಲ್ಲ. ನಾವು ಬರೆದ ಕೋಡು ಎಷ್ಟೋ ಸಲ ಗ್ರಾಹಕ ಕಂಪನಿಯ ಲೋಗೊ ಹೊತ್ತು ಹೊರಗೆ ಹೋಗುತ್ತೆ, ನಮ್ಮ ಹೆಸರು ಎಲ್ಲೂ ಇರಲ್ಲ. ಫಿಲ್ಟರಿನದೂ ಅದೇ ಕತೆ. ವ್ಯತ್ಯಾಸ ಏನಪ್ಪಾ ಅಂದ್ರೆ, ಫಿಲ್ಟರ್ ಮಾಡಿದವನು ತನ್ನ ಹೆಸರಲ್ಲೂ ಅದನ್ನು ಮಾರಬಹುದೇ ಅನ್ನೋದರ ಮೇಲೆ ದೊಡ್ಡ ದೊಡ್ಡ ಜಗಳಗಳು ನಡೆದಿವೆ, ಕೋರ್ಟುಗಳಿಗೂ ಹೋಗಿವೆ. ಆ ಜಗಳದ ಖರ್ಚು ನಮ್ಮ ಸರ್ವೀಸ್ ಬಿಲ್ಲಿನಲ್ಲಿ ಬಂದು ಕೂತಿದೆ.

ಶುರುವಿನಿಂದ ನೋಡೋಣ. 1920ರ ದಶಕದ ಆರಂಭದವರೆಗೆ ಕಾರುಗಳಿಗೆ ಆಯಿಲ್ ಫಿಲ್ಟರ್ ಅನ್ನೋದೇ ಇರಲಿಲ್ಲ. ಹೆಚ್ಚೆಂದರೆ ಪಂಪಿನ ಬಾಯಿಗೆ ಒಂದು ತಂತಿಯ ಜಾಲರಿ. ದೊಡ್ಡ ಕಸ ತಡೆಯುತ್ತಿತ್ತು, ಲೋಹದ ಪುಡಿ, ಮಸಿ, ರಸ್ತೆಯ ಧೂಳು ಎಲ್ಲ ಆಯಿಲ್ ಜೊತೆ ಸುತ್ತುತ್ತಾ ಬೇರಿಂಗುಗಳನ್ನು ಮರಳು ಕಾಗದದ ಹಾಗೆ ಉಜ್ಜುತ್ತಿದ್ದವು. ಅದಕ್ಕೇ ಆಗ ಪದೇ ಪದೇ ಆಯಿಲ್ ಬದಲಿಸಬೇಕಿತ್ತು.

1923ರಲ್ಲಿ ಅಮೆರಿಕದ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಅನ್ನುವವರು ಜಾರ್ಜ್ ಗ್ರೀನ್‌ಹಾಲ್ ಜೊತೆ ಸೇರಿ ಕಾರಿನ ಎಂಜಿನ್ನಿಗೆ ಒಂದು ಫಿಲ್ಟರ್ ಮಾಡಿದರು. ಸ್ವೀಟ್‌ಲ್ಯಾಂಡ್ ಕಾರಿನ ಮನುಷ್ಯ ಅಲ್ಲ. ಕಾರ್ಖಾನೆಗಳಲ್ಲಿ, ಸಕ್ಕರೆ ಉದ್ಯಮದಲ್ಲಿ ದ್ರವ ಸೋಸುವ ಯಂತ್ರ ಮಾಡಿ ಹೆಸರು ಮಾಡಿದ್ದವರು. ದೊಡ್ಡ ಯಂತ್ರದ ತಂತ್ರವನ್ನೇ ಸಣ್ಣದು ಮಾಡಿ, ಬಟ್ಟೆಯ ಪದರಗಳಲ್ಲಿ ಆಯಿಲ್ ಸೋಸುವ ಹಾಗೆ ಮಾಡಿದರು. ‘ಪ್ಯೂರ್ ಆಯಿಲ್ ಲೇಟರ್’ ಅನ್ನೋ ಮಾತನ್ನು ಒತ್ತಿ ‘ಪ್ಯೂರೊಲೇಟರ್’ ಅಂತ ಹೆಸರಿಟ್ಟರು. 1924ರಲ್ಲಿ ಬಂದ ಕ್ರೈಸ್ಲರ್ ಸಿಕ್ಸ್ ಕಾರು ಈ ಫಿಲ್ಟರನ್ನು ಹೊತ್ತುಕೊಂಡೇ ಕಾರ್ಖಾನೆಯಿಂದ ಹೊರಬಂತು.

ಅದು ಪೂರ್ತಿ ಆಯಿಲನ್ನು ಸೋಸುತ್ತಿರಲಿಲ್ಲ. ಹೊಳೆಯ ನೀರನ್ನೆಲ್ಲ ಸೋಸದೆ, ಪಕ್ಕದ ಕಾಲುವೆಗೆ ತಿರುಗಿದಷ್ಟನ್ನು ಮಾತ್ರ ಸೋಸಿ ಮತ್ತೆ ಹೊಳೆಗೆ ಬಿಟ್ಟ ಹಾಗೆ. ಪೂರ್ತಿ ಆಯಿಲ್ ಫಿಲ್ಟರ್ ಮೂಲಕವೇ ಹಾದುಹೋಗುವ ವ್ಯವಸ್ಥೆ ಕಾರುಗಳಲ್ಲಿ ಸಾಮಾನ್ಯ ಆದದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ.

ಇಲ್ಲಿ ಗಮನಿಸಬೇಕಾದ್ದು ಬೇರೆ ಇದೆ. ಆ ಮೊದಲ ‘ಕಂಪನಿ ಫಿಲ್ಟರ್’ ಕ್ರೈಸ್ಲರ್ ಮಾಡಿದ್ದಲ್ಲ, ಹೊರಗಿನವರು ಮಾಡಿಕೊಟ್ಟದ್ದು. ಅಂದರೆ ಮೊದಲ ದಿನದಿಂದಲೇ ಇದು ಹೊರಗಿನವರ ಕಸುಬು.

ಆಮೇಲೆ ಬಂದವರೂ ಹಾಗೇ. 1930ರ ದಶಕದಲ್ಲಿ ಅಮೆರಿಕದ ರೋಡ್ ಐಲೆಂಡಿನಲ್ಲಿ ಫ್ರೆಡರಿಕ್ ಫ್ರಾಂಕ್ಲಿನ್ ಮತ್ತು ಎಡ್ವರ್ಡ್ ಆಲ್ಡಮ್ ಅನ್ನೋ ಇಬ್ಬರು ಸುಲಭವಾಗಿ ಬದಲಿಸಬಹುದಾದ ಫಿಲ್ಟರ್ ಮಾಡಿದರು. ಒಬ್ಬರ ಹೆಸರಿನ ತಲೆ, ಇನ್ನೊಬ್ಬರ ಹೆಸರಿನ ಬಾಲ ಸೇರಿ ‘ಫ್ರಾಮ್’ ಆಯಿತು. 1939ರಲ್ಲಿ ನಾರ್ತ್ ಕ್ಯಾರೊಲೈನಾದ ಗ್ಯಾಸ್ಟೋನಿಯಾದಲ್ಲಿ ಜಾಕ್ ವಿಕ್ಸ್ ಮತ್ತು ಪಾಲ್ ಕ್ರಾಫರ್ಡ್ ‘ವಿಕ್ಸ್’ ಶುರು ಮಾಡಿದರು. ಗ್ಯಾಸ್ಟೋನಿಯಾ ಜವಳಿ ಗಿರಣಿಗಳ ಊರು. ಇತ್ತ ಜರ್ಮನಿಯಲ್ಲಿ ಬ್ಲೈಲೆ ಅನ್ನುವ ಹೆಸರಾಂತ ಹೆಣಿಗೆ ಉಡುಪಿನ ಕಂಪನಿ ಇತ್ತು, ಹುಡುಗರಿಗೆ ನಾವಿಕರ ಥರದ ಡ್ರೆಸ್ ಮಾಡಿ ಮಾರುತ್ತಿದ್ದವರು. ಯುದ್ಧ ಬಂದು ಬಟ್ಟೆ ವ್ಯಾಪಾರ ಬಿದ್ದುಹೋದಾಗ ಅಲ್ಲಿ ಆಡಳಿತ ನೋಡಿಕೊಳ್ಳುತ್ತಿದ್ದ ಅಡಾಲ್ಫ್ ಮಾನ್ ಮತ್ತು ಎರಿಕ್ ಹುಮ್ಮೆಲ್ 1941ರಲ್ಲಿ ಲುಡ್ವಿಗ್ಸ್‌ಬರ್ಗಿನಲ್ಲಿ ಫಿಲ್ಟರ್ ಕಾರ್ಖಾನೆ ತೆರೆದರು. ಅದೇ ಇವತ್ತಿನ ಮಾನ್ ಹುಮ್ಮೆಲ್. ಈ ಕಂಪನಿಯ ಕಾರ್ಖಾನೆ ನಮ್ಮ ತುಮಕೂರಿನಲ್ಲೂ ಇದೆ.

ಜಪಾನಿನಲ್ಲಿ ಸ್ವಲ್ಪ ಬೇರೆ ದಾರಿ. ಟೊಯೊಟಾದ ಒಂದು ವಿಭಾಗ 1949ರಲ್ಲಿ ಬೇರೆ ಕಂಪನಿಯಾಗಿ ಮನೆಯಿಂದ ಹೊರಬಂತು. ಅದೇ ಡೆನ್ಸೊ. ಟೊಯೊಟಾ ಡಬ್ಬಿಯಲ್ಲಿ ಬರುವ ಎಷ್ಟೋ ಫಿಲ್ಟರುಗಳನ್ನು ಮಾಡೋದು ಇವರೇ. ಪಾಲಾದ ತಮ್ಮ ಅಣ್ಣನ ಮನೆಗೇ ಹಾಲು ಹಾಕಿದ ಹಾಗೆ. ಅಮೆರಿಕದಲ್ಲಿ ಜನರಲ್ ಮೋಟರ್ಸ್ ಮಾತ್ರ ಬಹಳ ಕಾಲ ತನ್ನದೇ ವಿಭಾಗ ಇಟ್ಟುಕೊಂಡಿತ್ತು, ‘ಎಸಿ’ ಅಂತ. ಹವಾನಿಯಂತ್ರಣದ ಎಸಿ ಅಲ್ಲ, ಆಲ್ಬರ್ಟ್ ಚಾಂಪಿಯನ್ ಅನ್ನುವವರ ಹೆಸರಿನ ಮೊದಲಕ್ಷರಗಳು. 1999ರಲ್ಲಿ ಜನರಲ್ ಮೋಟರ್ಸ್ ತನ್ನ ಬಿಡಿಭಾಗದ ವ್ಯವಹಾರವನ್ನೇ ಡೆಲ್ಫಿ ಅಂತ ಬೇರೆ ಮಾಡಿ ಕೈತೊಳೆದುಕೊಂಡಿತು.

ಈಗ ಹಣದ ಲೆಕ್ಕಕ್ಕೆ ಬರೋಣ.

ಮೊದಲೆಲ್ಲ ಫಿಲ್ಟರ್ ಬದಲಿಸೋದು ಗಲೀಜು ಕೆಲಸ. ಎಂಜಿನ್ನಿಗೆ ಅಂಟಿಕೊಂಡ ಒಂದು ಡಬ್ಬ, ಅದರೊಳಗೆ ಕಾಗದದ ಇಲ್ಲವೇ ಹತ್ತಿಯ ತಿರುಳು. ಡಬ್ಬ ಬಿಚ್ಚಿ, ತೊಳೆದು, ತಿರುಳು ಬದಲಿಸಿ, ಮತ್ತೆ ಸೋರದ ಹಾಗೆ ಕೂರಿಸಬೇಕು. 1950ರ ದಶಕದಲ್ಲಿ ‘ಸ್ಪಿನ್ ಆನ್’ ಫಿಲ್ಟರ್ ಬಂತು, ಅದರಲ್ಲಿ ವಿಕ್ಸ್ ಕಂಪನಿಯ ಪಾಲು ದೊಡ್ಡದು. ಡಬ್ಬ, ತಿರುಳು, ವಾಲ್ವು ಎಲ್ಲ ಒಂದರಲ್ಲೇ. ಬಲ್ಬಿನ ಹಾಗೆ ತಿರುಗಿಸಿ ತೆಗಿ, ತಿರುಗಿಸಿ ಹಾಕು, ಹಳೆಯದನ್ನು ಬಿಸಾಕು. ಮರದ ಕೆಳಗೆ ಗ್ಯಾರೇಜ್ ಇಟ್ಟ ಮೆಕ್ಯಾನಿಕ್ಕಿಗೂ ಇದು ಹತ್ತು ನಿಮಿಷದ ಕೆಲಸ. ಒಂದು ಕಾರು ತನ್ನ ಆಯಸ್ಸಿನಲ್ಲಿ ಕಾರ್ಖಾನೆಯಿಂದ ಪಡೆಯೋದು ಒಂದೇ ಫಿಲ್ಟರು, ಆಮೇಲೆ ಹತ್ತಿಪ್ಪತ್ತು ಫಿಲ್ಟರು ಬೇಕು. ಆ ಹತ್ತಿಪ್ಪತ್ತನ್ನು ಯಾರು ಮಾರೋದು? ಇದನ್ನೇ ‘ಆಫ್ಟರ್‌ಮಾರ್ಕೆಟ್’ ಅನ್ನೋದು.

ಇದರ ಒಳಗುಟ್ಟು ತಿಳಿಯಲು ಫಿಲ್ಟರಿನ ಸೋದರ ಸ್ಪಾರ್ಕ್ ಪ್ಲಗ್ಗಿನ ಒಂದು ಕೇಸು ನೋಡಬೇಕು. ಫೋರ್ಡ್ ಕಂಪನಿ 1961ರಲ್ಲಿ ಆಟೋಲೈಟ್ ಅನ್ನುವ ಪ್ಲಗ್ ವ್ಯವಹಾರ ಕೊಂಡುಕೊಂಡಿತು. ಸರ್ಕಾರ ಕೋರ್ಟಿಗೆ ಹೋಯಿತು, 1972ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ವಿಚಾರಣೆಯಲ್ಲಿ ಹೊರಬಿದ್ದ ಸಂಗತಿ ಸ್ವಾರಸ್ಯದ್ದು: ಪ್ಲಗ್ ತಯಾರಕರು ಹೊಸ ಕಾರಿಗೆ ಹಾಕುವ ಪ್ಲಗ್ಗನ್ನು ಕಾರು ಕಂಪನಿಗೆ ಸುಮಾರು ಆರು ಸೆಂಟಿಗೆ ಕೊಡುತ್ತಿದ್ದರು. ಅದು ಅಸಲಿಗೆ ಸಮ, ಇಲ್ಲವೇ ಅದಕ್ಕಿಂತ ಕಡಿಮೆ. ಯಾಕೆ ನಷ್ಟಕ್ಕೆ ಕೊಡಬೇಕು? ಯಾಕೆಂದರೆ ಮೆಕ್ಯಾನಿಕ್ ಬದಲಿಸುವಾಗ ಮೊದಲು ಯಾವ ಬ್ರ್ಯಾಂಡ್ ಇತ್ತೋ ಅದನ್ನೇ ಹಾಕ್ತಾನೆ. ಕಾರ್ಖಾನೆಯಲ್ಲಿ ಕಳೆದುಕೊಂಡದ್ದನ್ನು ಅಂಗಡಿಯಲ್ಲಿ ಬಡ್ಡಿ ಸಮೇತ ವಸೂಲಿ ಮಾಡಬಹುದು. ಫೋರ್ಡ್ ಆ ಪ್ಲಗ್ ಕಾರ್ಖಾನೆಯನ್ನು ಬಿಟ್ಟುಕೊಡಬೇಕು, ಹತ್ತು ವರ್ಷ ಪ್ಲಗ್ ತಯಾರಿಸಬಾರದು ಅನ್ನೋ ಆದೇಶವನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.

ಫಿಲ್ಟರಿನ ಅರ್ಥಶಾಸ್ತ್ರವೂ ಇದೇ ಜಾತಿಯದ್ದು. ಕಾರು ಕಂಪನಿಗೆ ಮಾರೋದು ಗೌರವಕ್ಕೆ, ಅಂಗಡಿಗೆ ಮಾರೋದು ಹೊಟ್ಟೆಪಾಡಿಗೆ. ಹೀಗಾಗಿ ಕಾರು ಕಂಪನಿಗೂ ಆ ಅಂಗಡಿ ವ್ಯಾಪಾರದ ಮೇಲೆ ಕಣ್ಣು ಬಿದ್ದರೆ ಆಶ್ಚರ್ಯವಿಲ್ಲ. ಒಂದೇ ಫಿಲ್ಟರು ಎರಡು ಡಬ್ಬಿಯಲ್ಲಿ ಬಂದರೆ, ಮಾಡಿದವನ ಡಬ್ಬಿ ಅಗ್ಗ, ಕಾರು ಕಂಪನಿ ಡಬ್ಬಿ ತುಟ್ಟಿ ಆದರೆ, ತುಟ್ಟಿ ಡಬ್ಬಿ ಯಾರು ಕೊಳ್ತಾರೆ? ಅದಕ್ಕೆ ಎರಡು ಬೇಲಿ ಬಂದವು. ಒಂದು, “ಹೊರಗಿನ ಪಾರ್ಟ್ ಹಾಕಿದರೆ ವಾರಂಟಿ ಹೋಗುತ್ತೆ” ಅಂತ ಗ್ರಾಹಕರನ್ನು ಹೆದರಿಸೋದು. ಇನ್ನೊಂದು, “ನಮಗೆ ಕೊಡುವ ಮಾಲನ್ನು ಹೊರಗೆ ಮಾರಬಾರದು” ಅಂತ ತಯಾರಕರ ಕೈ ಕಟ್ಟೋದು.

ಮೊದಲ ಬೇಲಿಯನ್ನು ಅಮೆರಿಕ 1975ರ ಮ್ಯಾಗ್ನುಸನ್–ಮಾಸ್ ವಾರಂಟಿ ಕಾಯ್ದೆಯಿಂದ ಕಿತ್ತುಹಾಕಿತು. ಇಂಥದ್ದೇ ಬ್ರ್ಯಾಂಡಿನ ಪಾರ್ಟ್ ಹಾಕಬೇಕು ಅಂತ ವಾರಂಟಿಗೆ ಷರತ್ತು ಹಾಕುವ ಹಾಗಿಲ್ಲ, ಹಾಕೋದಾದರೆ ಆ ಪಾರ್ಟನ್ನು ಪುಕ್ಕಟೆ ಕೊಡಬೇಕು. ಎರಡನೇ ಬೇಲಿಗೆ ಯುರೋಪಿನ ಒಕ್ಕೂಟ 2002ರ ನಿಯಮದಲ್ಲಿ ಕೈಹಾಕಿತು. ಕಾರು ಕಂಪನಿಗೆ ಕೊಡುವ ಗುಣಮಟ್ಟದಲ್ಲೇ ಮಾಡಿದ ಭಾಗ ತಯಾರಕನ ಸ್ವಂತ ಹೆಸರಲ್ಲಿ ಬಂದರೂ ಅದು ‘ಒರಿಜಿನಲ್’ ಅಂತಲೇ ಲೆಕ್ಕ ಅಂದಿತು. ಡಬ್ಬಿಯ ಮೇಲಿನ ಹೆಸರಿಗಿಂತ ಒಳಗಿನ ಕೆಲಸ ಮುಖ್ಯ ಅಂತ ಕಾನೂನೇ ಹೇಳಿದ ಹಾಗಾಯಿತು.

ನಮ್ಮಲ್ಲಿ ಏನಾಯಿತು? 2011ರಲ್ಲಿ ಶಂಶೇರ್ ಕಟಾರಿಯಾ ಅನ್ನುವವರು ಭಾರತೀಯ ಸ್ಪರ್ಧಾ ಆಯೋಗಕ್ಕೆ ಒಂದು ದೂರು ಕೊಟ್ಟರು. ಬಿಡಿಭಾಗ ಹೊರಗೆ ಸಿಗದ ಹಾಗೆ ಮಾಡಿ ಕಾರು ಕಂಪನಿಗಳು ಗ್ರಾಹಕರನ್ನು ಕಟ್ಟಿಹಾಕಿವೆ ಅಂತ. ಮೊದಲು ಮೂರು ಕಂಪನಿ ಮೇಲಿದ್ದ ದೂರು ತನಿಖೆ ಬೆಳೆದ ಹಾಗೆ ಎಲ್ಲರನ್ನೂ ಸುತ್ತಿಕೊಂಡಿತು. 2014ರ ಆಗಸ್ಟಿನಲ್ಲಿ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತು. ಟಾಟಾ ಮೋಟರ್ಸ್ ಒಂದಕ್ಕೇ 1,346 ಕೋಟಿ, ಮಾರುತಿಗೆ 471 ಕೋಟಿ, ಮಹೀಂದ್ರಾಗೆ 292 ಕೋಟಿ. ಕಂಪನಿಗಳು ಮೇಲ್ಮನವಿ ಹೋದವು, ದಂಡದ ಕತೆ ಕೋರ್ಟುಗಳಲ್ಲಿ ಎಳೆದಾಡಿತು.

ಆದರೆ ದಂಡಕ್ಕಿಂತ ಆ ಆದೇಶದ ಒಳಗಿನ ಮಾತು ಮುಖ್ಯ. ನೀವು ಯಾವ ಕಾರು ಕೊಳ್ಳಬೇಕು ಅನ್ನುವಾಗ ಹತ್ತಾರು ಕಂಪನಿ ಪೈಪೋಟಿ ಮಾಡ್ತವೆ ನಿಜ. ಕೊಂಡಾದ ಮೇಲೆ? ಆ ಕಾರಿನ ಬಿಡಿಭಾಗಕ್ಕೆ ಆ ಕಂಪನಿಯೊಂದೇ ದಿಕ್ಕು. ಹಾಗಾಗಿ ತನ್ನ ಬಿಡಿಭಾಗದ ಮಾರುಕಟ್ಟೆಯಲ್ಲಿ ಪ್ರತಿ ಕಂಪನಿಯೂ ಸರ್ವಾಧಿಕಾರಿ ಅಂತ ಆಯೋಗ ಗುರುತಿಸಿತು. ಬಿಡಿಭಾಗ ಮಾಡಿಕೊಡುವವರು ತಮ್ಮ ಮಾಲನ್ನು ಸ್ವತಂತ್ರವಾಗಿ ಅಂಗಡಿಗೆ ಮಾರಲು ಬಿಡಬೇಕು, ಹೊರಗಿನ ಗ್ಯಾರೇಜಿಗೆ ಹೋದರು ಅನ್ನೋ ಒಂದೇ ಕಾರಣಕ್ಕೆ ವಾರಂಟಿ ರದ್ದು ಮಾಡಬಾರದು, ರಿಪೇರಿ ಪುಸ್ತಕ ಮತ್ತು ದೋಷ ಪತ್ತೆ ಮಾಡುವ ಉಪಕರಣಗಳು ಹೊರಗಿನ ಮೆಕ್ಯಾನಿಕ್ಕುಗಳಿಗೂ ಸಿಗಬೇಕು ಅಂದಿತು. ಅಂದರೆ ಈ ಜಗಳ ನಮ್ಮ ಜೇಬಿನದು ಮಾತ್ರ ಅಲ್ಲ. ಸ್ವತಂತ್ರ ಗ್ಯಾರೇಜ್ ಇಟ್ಟುಕೊಂಡ ಲಕ್ಷಾಂತರ ಮೆಕ್ಯಾನಿಕ್ಕುಗಳ ಅನ್ನದ್ದು ಕೂಡ.

ಈ ಮಧ್ಯೆ ಹಳೆಯ ಫಿಲ್ಟರ್ ಹೆಸರುಗಳು ಕೈಯಿಂದ ಕೈಗೆ ಹೋಗಿ ಯಾರು ಯಾರು ಅಂತ ಗುರುತು ಹಿಡಿಯೋದೇ ಕಷ್ಟ ಆಗಿದೆ. ಆ ಮೊದಲ ಪ್ಯೂರೊಲೇಟರನ್ನು 2006ರಲ್ಲಿ ಬಾಷ್ ಮತ್ತು ಮಾನ್ ಹುಮ್ಮೆಲ್ ಸೇರಿ ಕೊಂಡವು, 2013ರಲ್ಲಿ ಬಾಷ್ ಪಾಲೂ ಮಾನ್ ಹುಮ್ಮೆಲ್‌ಗೇ ಹೋಯಿತು. 2016ರಲ್ಲಿ ವಿಕ್ಸ್ ಕೂಡ ಅದೇ ಮನೆ ಸೇರಿತು. ಬಟ್ಟೆ ಕಂಪನಿಯಿಂದ ಹುಟ್ಟಿದ ಜರ್ಮನ್ ಸಂಸ್ಥೆ ಅಮೆರಿಕದ ಎರಡು ಹಳೆ ಹೆಸರುಗಳನ್ನು ನುಂಗಿತು ಅಂತಾಯಿತು. ಫ್ರಾಮ್ ಇನ್ನೂ ಅಲೆಮಾರಿ. ಬೆಂಡಿಕ್ಸ್, ಅಲೈಡ್, ಹನಿವೆಲ್, ರ‍್ಯಾಂಕ್ ಗ್ರೂಪ್ ಅಂತ ಸುತ್ತಾಡಿ ಕೊನೆಗೆ ಸೇರಿದ ಫಸ್ಟ್ ಬ್ರ್ಯಾಂಡ್ಸ್ ಕಂಪನಿ 2025ರ ಸೆಪ್ಟೆಂಬರಿನಲ್ಲಿ ದಿವಾಳಿ ಅರ್ಜಿ ಹಾಕಿತು. ಭಾರತದಲ್ಲಿ ಪ್ಯೂರೊಲೇಟರ್ ಹೆಸರು ಬೆಳೆದದ್ದೇ ಬೇರೆ ಕೈಯಲ್ಲಿ. ಇಲ್ಲಿ ಅದು ಆನಂದ್ ಗ್ರೂಪಿನದು, ಆಮೇಲೆ ಜರ್ಮನಿಯ ಮಾಲೆ ಕಂಪನಿ ಜೊತೆಯಾಯಿತು. ಮಾಲೆ ಅಂದ್ರೆ ಮಾನ್ ಹುಮ್ಮೆಲ್‌ಗೆ ಅಕ್ಕಪಕ್ಕದ ಊರಿನ ಪ್ರತಿಸ್ಪರ್ಧಿ. ಹಾಗಾಗಿ ಅಮೆರಿಕದ ಪ್ಯೂರೊಲೇಟರಿಗೂ ನಮ್ಮ ಪ್ಯೂರೊಲೇಟರಿಗೂ ಹೆಸರೊಂದೇ ನಂಟು.

ಇನ್ನೂ ಒಂದು ಮಜಾ ಇದೆ. ಅಮೆರಿಕದಲ್ಲಿ ಹೋಂಡಾ ಕಾರಿನ ಅಸಲಿ ಫಿಲ್ಟರ್ ಬಹುಕಾಲ ಎರಡು ಪಾರ್ಟ್ ನಂಬರಿನಲ್ಲಿ ಸಿಗುತ್ತಿತ್ತು, ಕೊನೆಯಲ್ಲಿ ಎ01 ಮತ್ತು ಎ02. ಎ01 ಮಾಡುತ್ತಿದ್ದದ್ದು ಫಿಲ್‌ಟೆಕ್, ಎ02 ಮಾಡುತ್ತಿದ್ದದ್ದು ಫ್ರಾಮ್ ಕಾರ್ಖಾನೆ. ಫ್ರಾಮಿನ ಅಗ್ಗದ ಫಿಲ್ಟರಿನ ತಿರುಳಿಗೆ ಎರಡೂ ತುದಿಯಲ್ಲಿ ಲೋಹದ ಬದಲು ರಟ್ಟು ಅಂತ ಮೂಗು ಮುರಿಯುವ ಕಾರುಪ್ರಿಯರು ಬಹಳ ಇದ್ದಾರೆ. ಅವರಲ್ಲೇ ಕೆಲವರು ಹೋಂಡಾ ಡಬ್ಬಿ ನೋಡಿ ನೆಮ್ಮದಿಯಿಂದ ಎ02 ಹಾಕಿಸಿಕೊಂಡಿರಲಿಕ್ಕೂ ಸಾಕು.

ಹಾಗಾದರೆ ಯಾವುದು ಚೆನ್ನಾಗಿದೆ? ಒರಿಜಿನಲ್ಲೋ ಆಫ್ಟರ್‌ಮಾರ್ಕೆಟ್ಟೋ? ಇದಕ್ಕೆ ಉತ್ತರ ಹೆಸರಲ್ಲಿಲ್ಲ, ಡಬ್ಬ ಕತ್ತರಿಸಿ ನೋಡಿದರೆ ಸಿಗುತ್ತೆ. ಒಳಗಿರೋದು ನಾಲ್ಕೈದು ವಸ್ತು. ಮಡಿಕೆ ಮಡಿಕೆಯಾಗಿ ಮಡಚಿದ ಸೋಸುವ ಕಾಗದ, ಅಗ್ಗದ್ದರಲ್ಲಿ ಮರದ ನಾರಿನದು, ದುಬಾರಿಯದರಲ್ಲಿ ಸಿಂಥೆಟಿಕ್ ನಾರು ಬೆರೆಸಿದ್ದು. ಎಂಜಿನ್ ಆಫ್ ಆದಾಗ ಆಯಿಲ್ ವಾಪಸ್ ಇಳಿಯದ ಹಾಗೆ ತಡೆಯುವ ರಬ್ಬರ್ ವಾಲ್ವು, ಸಾಮಾನ್ಯ ರಬ್ಬರಾದರೆ ಬಿಸಿಗೆ ಬೇಗ ಗಟ್ಟಿಯಾಗುತ್ತೆ, ಸಿಲಿಕೋನ್ ಆದರೆ ತಾಳುತ್ತೆ. ಕಾಗದ ಕಟ್ಟಿಕೊಂಡರೆ ಇಲ್ಲವೇ ಚಳಿಗೆ ಆಯಿಲ್ ಗಟ್ಟಿಯಾದರೆ ಎಂಜಿನ್ ಒಣಗದಿರಲಿ ಅಂತ ತೆರೆದುಕೊಳ್ಳುವ ಬೈಪಾಸ್ ವಾಲ್ವು. ಕೊನೆಗೆ ಸೋರದ ಹಾಗೆ ಕೂರುವ ವಾಷರು.

ಎಷ್ಟು ಸಣ್ಣ ಕಣ ಹಿಡಿಯುತ್ತೆ ಅನ್ನೋದನ್ನು ಮೈಕ್ರಾನಿನಲ್ಲಿ ಅಳೀತಾರೆ. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ. 1988ರಲ್ಲಿ ಜನರಲ್ ಮೋಟರ್ಸಿನ ಎಸಿ ವಿಭಾಗದವರು ಆಯಿಲಿಗೆ ಧೂಳು ಬೆರೆಸಿ ಎಂಜಿನ್ ಸವೆತ ಅಳೆದ ಒಂದು ಅಧ್ಯಯನ ಪ್ರಕಟಿಸಿದರು. 40 ಮೈಕ್ರಾನ್ ಫಿಲ್ಟರಿಗೆ ಹೋಲಿಸಿದರೆ 30 ಮೈಕ್ರಾನಿನದರಲ್ಲಿ ಸವೆತ ಅರ್ಧಕ್ಕಿಳಿಯಿತು, 15 ಮೈಕ್ರಾನಿನದರಲ್ಲಿ ಶೇಕಡ 70ರಷ್ಟು ಕಡಿಮೆಯಾಯಿತು. ಫಿಲ್ಟರ್ ಮಾರುವವರೇ ಮಾಡಿದ ಪ್ರಯೋಗ, ನಮ್ಮ ಆಯಿಲಿನಲ್ಲಿ ಅಷ್ಟು ಧೂಳೂ ಇರೋದಿಲ್ಲ ಅನ್ನೋದು ನೆನಪಿರಲಿ. ಆದರೂ ಫಿಲ್ಟರ್ ಫಿಲ್ಟರಿಗೆ ವ್ಯತ್ಯಾಸ ಇದೆ ಅನ್ನೋದಂತೂ ಖಾತ್ರಿ.

ಹಾಗಂತ ಅತಿ ಸಣ್ಣ ರಂಧ್ರದ್ದೇ ಅತ್ಯುತ್ತಮ ಅನ್ನೋ ಹಾಗೂ ಇಲ್ಲ. ಜಾಸ್ತಿ ಸಣ್ಣದಾದರೆ ಬೇಗ ಕಟ್ಟಿಕೊಳ್ಳುತ್ತೆ, ಬೈಪಾಸ್ ತೆರೆಯುತ್ತೆ, ಸೋಸದ ಆಯಿಲ್ ಸೀದಾ ಎಂಜಿನ್ನಿಗೆ ಹೋಗುತ್ತೆ. ಕಾರು ಕಂಪನಿ ತನ್ನ ಪಂಪಿನ ಒತ್ತಡ, ಬೈಪಾಸ್ ತೆರೆಯಬೇಕಾದ ಮಟ್ಟ, ಎಷ್ಟು ಸಾವಿರ ಕಿಲೋಮೀಟರಿಗೆ ಆಯಿಲ್ ಬದಲಿ, ಜೊತೆಗೆ ಎಷ್ಟು ರೂಪಾಯಿಗೆ ಬೇಕು, ಇವೆಲ್ಲ ಲೆಕ್ಕ ಹಾಕಿ ಫಿಲ್ಟರಿನ ಅಳತೆ ಗೊತ್ತು ಮಾಡುತ್ತೆ. ಅಂದರೆ ಅಸಲಿ ಫಿಲ್ಟರ್ ಅನ್ನೋದು ಆ ಎಂಜಿನ್ನಿನ ಪರೀಕ್ಷೆಯಲ್ಲಿ ಪಾಸಾದ ಹುಡುಗ, ರಾಜ್ಯಕ್ಕೇ ಫಸ್ಟ್ ಬಂದವನು ಅಂತಲ್ಲ. ಒಳ್ಳೆಯ ಆಫ್ಟರ್‌ಮಾರ್ಕೆಟ್ ಫಿಲ್ಟರು ಸೋಸೋದರಲ್ಲಿ ಅದಕ್ಕಿಂತ ಮುಂದಿರಬಹುದು. ಆದರೆ ಒಂದೇ ಫಿಲ್ಟರನ್ನು ಹತ್ತಾರು ಮಾದರಿಗೆ ಹೊಂದಿಸಿ ಮಾರಿದಾಗ ಬೈಪಾಸಿನ ಲೆಕ್ಕ ನಿಮ್ಮ ಎಂಜಿನ್ನಿಗೆ ಸರಿಹೋಗದೆಯೂ ಇರಬಹುದು. ಫಿಲ್ಟರ್ ಅಳೆಯಲು ಐಎಸ್‌ಒ 4548–12 ಅನ್ನೋ ಪರೀಕ್ಷೆ ಇದೆ. ಅದರ ಅಂಕವನ್ನು ಡಬ್ಬಿ ಮೇಲೆ ಹಾಕಿದರೆ ಈ ಚರ್ಚೆಯೇ ಬೇಡ. ನಮ್ಮ ಅಂಗಡಿಗಳ ಡಬ್ಬಿ ಮೇಲೆ ನಾನಂತೂ ಆ ಅಂಕ ಕಂಡಿಲ್ಲ.

ಹಾಗಾಗಿ ಎರಡು ಜಾತಿ ಸಾಲದು, ನಾಲ್ಕು ಬೇಕು. ಕಾರು ಕಂಪನಿ ಡಬ್ಬಿಯದು. ಕಾರು ಕಂಪನಿಗೆ ಮಾಡಿಕೊಡುವವರೇ ಸ್ವಂತ ಹೆಸರಲ್ಲಿ ಮಾರುವುದು. ಆ ಕಾರಿಗೆ ಎಂದೂ ಮಾಡಿಕೊಡದ, ಆದರೆ ತಮ್ಮ ಹೆಸರಿಗೆ ತಾವೇ ಹೊಣೆ ಹೊತ್ತವರ ಫಿಲ್ಟರು. ಕೊನೆಯದು ಬೇರೆಯವರ ಹೆಸರು ಕದ್ದು ಮಾಡಿದ ನಕಲಿ. ಡೂಪ್ಲಿಕೇಟು ಅಂದರೆ ಈ ಕೊನೆಯದು ಮಾತ್ರ. ಇದು ಒಳಗೆ ಕಾಗದದ ಬದಲು ಏನು ತುಂಬಿಕೊಂಡಿರುತ್ತೋ ಹೇಳಲಾಗದು, ಹೆಚ್ಚಾಗಿ ಹಾಕಿಕೊಳ್ಳೋದು ಮೊದಲನೆಯದರ ವೇಷವನ್ನೇ. ಎರಡನೆಯದನ್ನೂ ಮೂರನೆಯದನ್ನೂ ‘ಡೂಪ್ಲಿಕೇಟು’ ಅಂತ ಕರೆದು ದೂರ ಇಟ್ಟಷ್ಟೂ ಲಾಭ ಮೊದಲನೆಯವರಿಗೆ. ಡಬ್ಬಿಯ ಮೇಲೆ ತಯಾರಕರ ಇಲ್ಲವೇ ಪ್ಯಾಕ್ ಮಾಡಿದವರ ಹೆಸರು, ವಿಳಾಸ ಇರಲೇಬೇಕು ಅಂತ ನಿಯಮ ಇದೆ. ಅಂಗಡಿಯಲ್ಲಿ ಮೊದಲು ಓದಬೇಕಾದ್ದು ಆ ಸಣ್ಣ ಅಕ್ಷರದ ಸಾಲನ್ನ.

ಎಲೆಕ್ಟ್ರಿಕ್ ಕಾರು ಬಂದ ಮೇಲೆ ಎಂಜಿನ್ ಆಯಿಲೂ ಇಲ್ಲ, ಫಿಲ್ಟರೂ ಇಲ್ಲ, ಜಗಳ ಮುಗೀತಲ್ಲ ಅನ್ನಬಹುದು. ಮುಗಿಯಲ್ಲ, ಜಾಗ ಬದಲಿಸುತ್ತೆ. ಫಿಲ್ಟರಿಗೆ ಹಾಕಿದ್ದ ಬೇಲಿ ಒಪ್ಪಂದದ ಕಾಗದದ ಮೇಲಿತ್ತು, ತಿರುಪಿಗೆ ಅದು ಗೊತ್ತಿರಲಿಲ್ಲ. ಅಳತೆ ಸರಿಯಿದ್ದರೆ ಯಾರ ಫಿಲ್ಟರಾದರೂ ಕೂರುತ್ತಿತ್ತು. ಈಗಿನ ಬಿಡಿಭಾಗ ಕೂರುವ ಮುಂಚೆ ಕಾರಿನ ಕಂಪ್ಯೂಟರ್ ‘ನೀನು ಯಾರವನು?’ ಅಂತ ಕೇಳಬಲ್ಲದು, ಉತ್ತರ ಹಿಡಿಸದಿದ್ದರೆ ಕೆಲಸ ಮಾಡಲು ಬಿಡದಿರಬಹುದು. ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ತೆರೆದ ‘ರೈಟ್ ಟು ರಿಪೇರ್’ ಪೋರ್ಟಲಿನಲ್ಲಿ ವಾಹನಗಳೂ ಕೃಷಿ ಯಂತ್ರಗಳೂ ಸೇರಿವೆ, ಅಂದರೆ ಟ್ರ್ಯಾಕ್ಟರಿನವರಿಗೂ ಇದು ಸಂಬಂಧಪಟ್ಟದ್ದೇ.

ಆ ಪ್ರಶ್ನೆ ಕೇಳುವ ಕೋಡನ್ನು ಬರೆಯೋರು ಯಾರು? 1951ರಲ್ಲಿ ಮೈಕೋ ಅಂತ ಬೆಂಗಳೂರಿಗೆ ಬಂದು ಪ್ಲಗ್ಗು, ಡೀಸೆಲ್ ಪಂಪು ಮಾಡಿದ ಬಾಷ್ ಇವತ್ತು ಇದೇ ಊರಲ್ಲಿ ಸಾವಿರಾರು ಸಾಫ್ಟ್‌ವೇರ್ ಎಂಜಿನಿಯರುಗಳನ್ನು ಇಟ್ಟುಕೊಂಡಿದೆ. ಮರ್ಸಿಡಿಸ್ ಬೆಂಜಿನ ಸಂಶೋಧನಾ ಕೇಂದ್ರವೂ ಇಲ್ಲೇ. ಇದನ್ನು ಓದುತ್ತಿರುವ ನಿಮ್ಮಲ್ಲೇ ಯಾರೋ ಒಬ್ಬರ ಮುಂದೆ ಅಂಥ ಒಂದು ಕೆಲಸ ಈ ವಾರವೇ ಬಂದಿರಬಹುದು. ಕಳ್ಳತನ ತಡೆಯುವ ಬೀಗಕ್ಕೂ ಹೊರಗಿನ ಮೆಕ್ಯಾನಿಕ್ಕನ್ನು ತಡೆಯುವ ಬೀಗಕ್ಕೂ ವ್ಯತ್ಯಾಸ ಇದೆ. ಅದು ಗ್ರಾಹಕರಿಗೆ ಗೊತ್ತಾಗಲ್ಲ, ಮೆಕ್ಯಾನಿಕ್ಕಿಗೆ ತಡವಾಗಿ ಗೊತ್ತಾಗುತ್ತೆ. ಬರೆಯುವಾಗಲೇ ಗೊತ್ತಿರೋದು ನಮಗೆ. ಮೀಟಿಂಗಿನಲ್ಲಿ “ಈ ಬೀಗ ಯಾಕೆ ಬೇಕು?” ಅಂತ ಒಂದು ಸಲ ಕೇಳೋದಕ್ಕೆ ಖರ್ಚೇನೂ ಇಲ್ಲ.